ಲ್ಯಾಬಿನಲ್ಲಿ ಕಿಡ್ನಿ ಬೆಳೆಸುತ್ತಾರಂತೆ, ನಿಜವೇ?



ವೈದ್ಯಕೀಯ ನೆರವು ನಿಧಿಗೆ ವಂತಿಗೆ ಕೇಳಲು ಹೋದಲ್ಲೆಲ್ಲ ಈಚೆಗೆ ಒಂದು ಪ್ರಶ್ನೆ ಎದುರಾಗುತ್ತಿದೆ: "ಸ್ಟೆಮ್ ಸೆಲ್‌ನಿಂದ ಹೊಸ ಕಿಡ್ನಿಯನ್ನೇ ಬೆಳೆಸುತ್ತಾರಂತಲ್ಲ, ಡಯಾಲಿಸಿಸ್‌ಗೆ ಇನ್ನೂ ಏಕೆ ದುಡ್ಡು?" ವಟ್ವಾದ ನಮ್ಮ ರೋಗಿಗಳ ಮನೆಯವರಿಗೂ ಮೊಬೈಲ್‌ನಲ್ಲಿ ಇಂಥ ಜಾಹೀರಾತುಗಳು ಬರುತ್ತಿವೆ. ನಾನು ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಣಗಿದ ತುಪ್ಪದ ಹೀರೆಕಾಯಿಯನ್ನು ನೆನಪಿಸಿಕೊಳ್ಳಿ. ತಿರುಳು, ಬೀಜ ಹೋದರೂ ಕಾಯಿಯ ಆಕಾರದ ನಾರಿನ ಬಲೆ ಉಳಿಯುತ್ತದೆ. ಊರಲ್ಲಿ ಅದರಿಂದಲೇ ಮೈ ಉಜ್ಜಿಕೊಳ್ಳುತ್ತಿದ್ದೆವು. ಅಂಗವೊಂದರ ರಕ್ತನಾಳಗಳ ಮೂಲಕ, ಶಾಂಪೂವಿನಲ್ಲಿರುವಂಥದೇ ಮಾರ್ಜಕವನ್ನು ಗಂಟೆಗಟ್ಟಲೆ ಹರಿಸಿದರೆ ಜೀವಕೋಶಗಳೆಲ್ಲ ತೊಳೆದುಹೋಗಿ ಕೊಲಾಜೆನ್ ಮುಂತಾದ ಪ್ರೋಟೀನುಗಳ ಬಿಳಿಚಿದ ಹಂದರ ಉಳಿಯುತ್ತದೆ. ನಾಳಗಳ ದಾರಿಯೂ ಉಳಿದಿರುತ್ತದೆ. ದೇಹ ಮುಖ್ಯವಾಗಿ ತಿರಸ್ಕರಿಸುವುದು ಪರರ ಜೀವಕೋಶಗಳನ್ನು. ಹಂದರದಲ್ಲಿ ರೋಗಿಯದೇ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್ ತುಂಬಿ ಬೆಳೆಸಿದರೆ ಆ ತಿರಸ್ಕಾರದ ಭಯ ಬಹುಮಟ್ಟಿಗೆ ಇರದು ಎಂಬುದೇ ಆಸೆ.

2008ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಡೋರಿಸ್ ಟೇಲರ್ ತಂಡ ಹೀಗೆ ತೊಳೆದ ಇಲಿಯ ಹೃದಯಕ್ಕೆ ಮರಿ ಇಲಿಯ ಜೀವಕೋಶ ತುಂಬಿ, ಅದು ಮಿಡಿಯುವಂತೆ ಮಾಡಿತು. ಬಲ ಮಾತ್ರ ಬೆಳೆದ ಹೃದಯದ ಸುಮಾರು ಶೇಕಡ 2. 2013ರಲ್ಲಿ ಬೋಸ್ಟನ್ನಿನ ಹರಾಲ್ಡ್ ಆಟ್ ತಂಡದ ಇಲಿ ಕಿಡ್ನಿ ಮೂತ್ರವನ್ನೂ ತಯಾರಿಸಿತು, ಆದರೆ ಸಹಜ ಕಿಡ್ನಿಯ ಸಣ್ಣ ಪಾಲಿನಷ್ಟು ಕೆಲಸ. ಮನುಷ್ಯನ ಒಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಬಗೆಬಗೆಯ ಜೀವಕೋಶಗಳು ತಂತಮ್ಮ ಜಾಗದಲ್ಲೇ ಕೂರಬೇಕು; ನಾಳದ ಒಳಪದರ ಎಲ್ಲಾದರೂ ಹರಿದಿದ್ದರೆ ಅಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಮನುಷ್ಯನಿಗೆ ಕಸಿ ಮಾಡುವಂಥ ಕಿಡ್ನಿ ಈ ದಾರಿಯಲ್ಲಿ ಇನ್ನೂ ಬಂದಿಲ್ಲ.

ಬಂದಿರುವುದು ಸರಳವಾದದ್ದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹಂದಿಯ ಪಿತ್ತಕೋಶವನ್ನು ತೊಳೆದು ಗಾಯಕ್ಕೆ ಹಚ್ಚುವ ತೆಳುಹಾಳೆ ಮಾಡಿದೆ; ಹೆಸರು ಕೋಲಿಡರ್ಮ್. (ಸಸ್ಯಾಹಾರಿ ಬಾಂಧವರು ಮುಖ ಸಿಂಡರಿಸಬೇಡಿ, ಹಂದಿಯ ಹೃದಯ ಕವಾಟಗಳು ದಶಕಗಳಿಂದ ಮನುಷ್ಯರ ಎದೆಯಲ್ಲಿವೆ.)

ಅವಸರದ ಫಲವನ್ನೂ ಜಗತ್ತು ಕಂಡಿದೆ. ಸ್ವೀಡನ್‌ನಲ್ಲಿ ಪಾವ್ಲೊ ಮಕ್ಕಿಯಾರಿನಿ ಎಂಬ ಶಸ್ತ್ರವೈದ್ಯ ಪ್ಲಾಸ್ಟಿಕ್ ಶ್ವಾಸನಾಳಕ್ಕೆ ಸ್ಟೆಮ್ ಸೆಲ್ ಲೇಪಿಸಿ ಮೂವರಿಗೆ ಹಾಕಿದ. ಮೂವರೂ ತೀರಿಕೊಂಡರು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನಿಗೆ ಎರಡೂವರೆ ವರ್ಷ ಜೈಲು ವಿಧಿಸಿತು.

ನಮ್ಮ ಅಸಾರ್ವಾದ ಕಿಡ್ನಿ ಸಂಸ್ಥೆಯಲ್ಲಿ ದಿವಂಗತ ಡಾ. ಎಚ್.ಎಲ್. ತ್ರಿವೇದಿ ಸ್ಟೆಮ್ ಸೆಲ್ ಬಳಸಿದ್ದು ನಿಜ. ಅದು ಕಸಿಯಾದ ಕಿಡ್ನಿಯನ್ನು ದೇಹ ಒಪ್ಪಿಕೊಂಡು ಮಾತ್ರೆ ಕಡಿಮೆಯಾಗಲಿ ಎಂದು. ಕಿಡ್ನಿ ಬೆಳೆಸಲು ಅಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ರಕ್ತಸಂಬಂಧಿ ಕಾಯಿಲೆಗಳ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆಯೆಲ್ಲ ಅನುಮತಿ ಪಡೆದ ಪ್ರಯೋಗದೊಳಗೇ ನಡೆಯಬೇಕು. ಲಕ್ಷಗಟ್ಟಲೆ ಹಣ ಕೇಳಿದರೆ ಕೊಡುವ ಮೊದಲು ನಮಗೊಂದು ಫೋನ್ ಮಾಡಿ.

ನಿಧಿಯ ಹಣ ಸದ್ಯ ಡಯಾಲಿಸಿಸ್, ಕಸಿ, ಕಸಿಯ ನಂತರದ ಮಾತ್ರೆಗಳಿಗೇ ಹೋಗುತ್ತದೆ. ನಿಮ್ಮ ಕೊಡುಗೆ ಬೇಕಾಗಿರುವುದು ಅದಕ್ಕೇ. ಇನ್ನೊಂದು ಮಾತು. ಮೃತ ದಾನಿಯ ಅಂಗಕ್ಕೆ ಇಲ್ಲಿ ಹೆಸರು ಬರೆಸಲು ಗುಜರಾತಿನ ವಾಸಸ್ಥಳ ಪ್ರಮಾಣಪತ್ರದ ತೊಡಕಿತ್ತು. 2022ರಲ್ಲಿ ಗುಜರಾತ್ ಹೈಕೋರ್ಟ್ ಆ ಷರತ್ತನ್ನು ರದ್ದು ಮಾಡಿತು. 2023ರಲ್ಲಿ ಕೇಂದ್ರ ಸರ್ಕಾರ ಎಲ್ಲ ರಾಜ್ಯಗಳಿಗೂ ಅದನ್ನೇ ಹೇಳಿತು. ಕರ್ನಾಟಕದ ಕಾಗದಪತ್ರ ಇದೆ ಎಂದು ಸುಮ್ಮನಿದ್ದವರು ಸಮಿತಿಯನ್ನು ಕಾಣಿ, ಅಸಾರ್ವಾಕ್ಕೆ ನಮ್ಮಲ್ಲೊಬ್ಬರು ಜೊತೆಗೆ ಬರುತ್ತೇವೆ.