ಚಂದನೆಯ ಸಂಕೋಲೆ ಮತ್ತು ದಯಾದತ್ತಿ

ಜೈನಧರ್ಮವು ಶ್ರಾವಕರಿಗೆ ವಿಧಿಸಿದ ಷಟ್ಕರ್ಮಗಳಲ್ಲಿ ದಾನವೂ ಒಂದು. ಮುನಿಗಳಿಗೆ ಭಕ್ತಿಯಿಂದ ನೀಡುವುದು ಪಾತ್ರದತ್ತಿ. ದುಃಖಿತ ಜೀವಿಗಳಿಗೆ ತ್ರಿಕರಣಶುದ್ಧಿಯಿಂದ ಅಭಯವಿತ್ತು ಪೊರೆಯುವುದು ದಯಾದತ್ತಿ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಇವುಗಳ ಸ್ವರೂಪವನ್ನು ತಿಳಿಸಿದ್ದಾರೆ. ಬಡತನದಲ್ಲಿ ಬೇಯುವ ಹೆಣ್ಣುಮಕ್ಕಳಿಗೆ ನೆರವಾಗುವವರು ಅರಿಯಬೇಕಾದುದು ಈ ದಯಾದತ್ತಿಯನ್ನು.

ಚಂದನೆಯ ಕಥೆ ಇದಕ್ಕೆ ನಿದರ್ಶನ. ವೈಶಾಲಿಯ ಚೇಟಕ ಮಹಾರಾಜನ ಮಗಳಾದ ಆಕೆ ಅಪಹೃತಳಾಗಿ, ಕೊನೆಗೆ ಕೌಶಾಂಬಿಯ ಶ್ರೇಷ್ಠಿಯೊಬ್ಬನ ಮನೆ ಸೇರಿದಳು. ಶ್ರೇಷ್ಠಿಯ ಪತ್ನಿ ಸಂಶಯದಿಂದ ಆಕೆಗೆ ಸಂಕೋಲೆ ತೊಡಿಸಿ, ಮಣ್ಣಿನ ಪಾತ್ರೆಯಲ್ಲಿ ಹಾರಕದ ಅನ್ನವನ್ನಿಡುತ್ತಿದ್ದಳು. ಆಹಾರಚರ್ಯೆಗೆ ಬಂದ ಮಹಾವೀರಸ್ವಾಮಿಗೆ ಚಂದನೆ ಆ ಅನ್ನವನ್ನೇ ಭಕ್ತಿಯಿಂದ ಅರ್ಪಿಸಿದಳು. ಸಂಕೋಲೆ ತಾನಾಗಿ ಕಳಚಿತು. ಮುಂದೆ ಆಕೆ 36 ಸಾವಿರ ಆರ್ಯಿಕೆಯರ ಸಂಘಕ್ಕೆ ಪ್ರಮುಖಳಾದಳು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸ್ವಾಮಿಯು ಆಕೆಗೆ ಏನನ್ನೂ ಕೊಡಲಿಲ್ಲ, ಆಕೆಯಿಂದ ಸ್ವೀಕರಿಸಿದನು. ಲೋಕವು ದಾಸಿಯೆಂದು ಕಂಡವಳನ್ನು ದಾನಿಯೆಂದು ಮನ್ನಿಸಿದನು. ಹಸಿದವಳಿಗೆ ಅನ್ನವೀಯುವುದು ದಯೆಯ ಮೊದಲ ಮೆಟ್ಟಿಲು. ಆಕೆಯೂ ಕೊಡಬಲ್ಲವಳಾಗುವಂತೆ ಮಾಡುವುದು ಅದರ ಪೂರ್ಣತೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳು ಒಂದನ್ನೊಂದು ಅವಲಂಬಿಸಿವೆ ಎಂಬುದನ್ನು ಇಂದಿನ ಜಗತ್ತೂ ಅನುಭವದಿಂದ ಕಂಡುಕೊಂಡಿದೆ. ಬಡ ಮನೆಯಲ್ಲಿ ಅನ್ನ ಸಾಲದಾದಾಗ ಮೊದಲು ಶಾಲೆ ಬಿಡುವವಳು ಬಹುಮಟ್ಟಿಗೆ ಮಗಳೇ. ಆದುದರಿಂದ ವಿಶ್ವ ಆಹಾರ ಕಾರ್ಯಕ್ರಮವು ಹಲವು ದೇಶಗಳಲ್ಲಿ, ಮಗಳನ್ನು ತಪ್ಪದೆ ಶಾಲೆಗೆ ಕಳುಹಿಸುವ ಕುಟುಂಬಕ್ಕೆ ಮನೆಗೊಯ್ಯಲು ಧಾನ್ಯವನ್ನು ನೀಡುತ್ತ ಬಂದಿದೆ. ಅಲ್ಲಿ ಆಹಾರದಾನವೇ ಜ್ಞಾನದಾನಕ್ಕೆ ಬಾಗಿಲಾಯಿತು. ಸುಡಾನಿನ ಡಾರ್ಫರ್‌ನಲ್ಲಿ ಯುದ್ಧದಿಂದ ನಿರಾಶ್ರಿತರಾದ ಸ್ತ್ರೀಯರು ಸೌದೆಗಾಗಿ ಶಿಬಿರದಾಚೆ ಹೋದಾಗ ಆಕ್ರಮಣಕ್ಕೆ ಗುರಿಯಾಗುತ್ತಿದ್ದರು. ಕಡಿಮೆ ಸೌದೆ ಬೇಡುವ ಒಲೆಗಳನ್ನು ಅವರಿಗೆ ಹಂಚಲಾಯಿತು. ಸೌದೆಗೆ ಹೋಗಬೇಕಾದ ದಿನಗಳು ಕಡಿಮೆಯಾದಷ್ಟೂ ಭಯವೂ ಕಡಿಮೆ. ಒಂದು ಒಲೆಯೂ ಅಭಯದಾನವಾಗಬಲ್ಲುದು.

ಕೊಡಬಲ್ಲವಳಾಗುವ ಹಾದಿಗೆ ಅಹಮದಾಬಾದು ಸಾಕ್ಷಿ. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘದಲ್ಲಿ ತರಕಾರಿ ಮಾರುವವರು, ತಲೆಹೊರೆ ಹೊರುವವರು, ಮನೆಯಲ್ಲೇ ಹೊಲಿಗೆ ಮಾಡುವವರು ಒಂದಾದರು. ಲೇವಾದೇವಿಗಾರರ ಬಡ್ಡಿಗೆ ನಲುಗಿದ್ದ ಈ ಮಹಿಳೆಯರಲ್ಲಿ 4,000 ಮಂದಿ ತಲಾ 10 ರೂಪಾಯಿ ಕೂಡಿಸಿ 1974ರಲ್ಲಿ ತಮ್ಮದೇ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಸಹಿ ಹಾಕಲು ಬಾರದವರ ಗುರುತಿಗೆ ಭಾವಚಿತ್ರವನ್ನು ಬಳಸಲಾಯಿತು. ಸಾಲಕ್ಕಾಗಿ ಕೈಚಾಚುತ್ತಿದ್ದವರು ಪರಸ್ಪರರಿಗೆ ಆಸರೆಯಾದರು. ಜೀವಿಗಳು ಒಂದಕ್ಕೊಂದು ಉಪಕಾರಿಗಳು ಎಂಬ ತತ್ತ್ವಾರ್ಥಸೂತ್ರದ ಬೋಧೆ ಇಲ್ಲಿ ಆಚರಣೆಗೆ ಇಳಿದಂತಿದೆ.

2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ 17 ಗುರಿಗಳಲ್ಲಿ ಮೊದಲನೆಯದು ಬಡತನದ ನಿರ್ಮೂಲನೆ, ಐದನೆಯದು ಲಿಂಗ ಸಮಾನತೆ. ರಾಷ್ಟ್ರಗಳ ಈ ಸಂಕಲ್ಪಕ್ಕೆ ಶ್ರಾವಕ-ಶ್ರಾವಿಕೆಯರ ಅಪರಿಗ್ರಹವೂ ಕೂಡಿಕೊಳ್ಳಬೇಕು. ಪರಿಗ್ರಹಪರಿಮಾಣ ವ್ರತದಿಂದ ಮಿಕ್ಕ ಸಂಪತ್ತು ಬಡ ಬಾಲಕಿಯೊಬ್ಬಳ ವಿದ್ಯೆಗೆ, ವಿಧವೆಯೊಬ್ಬಳ ಹೊಲಿಗೆಯಂತ್ರಕ್ಕೆ ಸಲ್ಲಲಿ. ದಾನಿಯ ಹೆಸರು ಕಲ್ಲಿನಲ್ಲಿ ಕೆತ್ತದಿದ್ದರೂ ಕೊರತೆಯಿಲ್ಲ. ಪಡೆದವಳು ನಾಳೆ ಇನ್ನೊಬ್ಬಳಿಗೆ ನೀಡುವಂತಾದರೆ ದಯಾದತ್ತಿ ಸಾರ್ಥಕ.