ಆಟೊಮ್ಯಾಟಿಕ್ ಗೇರಿನ ಎಣ್ಣೆಗೂ ಆಯುಷ್ಯವಿದೆ

ಕಟ್ಟೆಮಳಲವಾಡಿ ಎಂದರೆ ಹುಣಸೂರು ಸೀಮೆಯವರಿಗೆ ಮೊದಲು ನೆನಪಾಗುವುದು ಲಕ್ಷ್ಮಣತೀರ್ಥ ನದಿಯ ಕಟ್ಟೆ, ಆಮೇಲೆ ತಂಬಾಕು ಹರಾಜು ಮಾರುಕಟ್ಟೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಈ ಹೊಗೆಸೊಪ್ಪಿನ ನಾಡಿನಲ್ಲಿ ವಾಹನ ಎಂದರೆ ಟ್ರ್ಯಾಕ್ಟರು, ಪಿಕಪ್ಪು, ಬೈಕು ಎನ್ನುವ ಕಾಲ ದಾಟಿದೆ. 2014ರಲ್ಲಿ ಮಾರುತಿ ಸೆಲೆರಿಯೊ ಕಡಿಮೆ ಬೆಲೆಗೆ ಕ್ಲಚ್ ಪೆಡಲ್ ಇಲ್ಲದ ಕಾರನ್ನು ತಂದ ಮೇಲೆ ಆಟೊಮ್ಯಾಟಿಕ್ ಎಂಬುದು ಸಿರಿವಂತರ ಸೊತ್ತಾಗಿ ಉಳಿಯಲಿಲ್ಲ. 2016ರ ಇನ್ನೋವಾ ಕ್ರಿಸ್ಟಾದಂಥ ದೊಡ್ಡ ಗಾಡಿಗಳೂ ಈಗ ಸೆಕೆಂಡ್ ಹ್ಯಾಂಡ್ ಆಗಿ ಕೈಗೆ ಸಿಗುತ್ತವೆ. ಇಂಥ ಕಾರುಗಳ ಜೊತೆ ಒಂದು ನಂಬಿಕೆಯೂ ಊರಿಗೆ ಬಂದಿದೆ: ಎಂಜಿನ್ ಆಯಿಲ್ ಬದಲಿಸಿದರೆ ಸಾಕು, ಗೇರ್ ಬಾಕ್ಸಿನ ಎಣ್ಣೆ ಗಾಡಿಯ ಆಯುಷ್ಯಪೂರ್ತಿ ಬಾಳುತ್ತದೆ. ಇದು ತಪ್ಪು. ಆ ಎಣ್ಣೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ನಮ್ಮ ಊರಿನ ಗ್ಯಾರೇಜುಗಳ ಕೈಗೆ ಎಟುಕುವ, ಎಟುಕಲೇಬೇಕಾದ ಕಸುಬು.

ಈ ಎಣ್ಣೆ ಮಾಡುವ ಕೆಲಸವೇ ವಿಚಿತ್ರ. ಹಲ್ಲುಚಕ್ರಗಳ ನಡುವೆ ಅದು ಜಾರಬೇಕು. ಅದರಲ್ಲೇ ಮುಳುಗಿರುವ ಕ್ಲಚ್ ಪ್ಲೇಟುಗಳು ಒಂದನ್ನೊಂದು ಕಚ್ಚುವಾಗ ಜಾರಬಾರದು. ಸಾಲದ್ದಕ್ಕೆ ವಾಲ್ವುಗಳಿಗೆ ಒತ್ತಡ ಮುಟ್ಟಿಸಬೇಕು, ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರಿನ ಮೂಲಕ ದಾಟಿಸಬೇಕು, ಬಿಸಿಯನ್ನು ಹೊತ್ತೊಯ್ಯಬೇಕು. ಜನರಲ್ ಮೋಟಾರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಹೈಡ್ರಾಮ್ಯಾಟಿಕ್ ಗೇರ್ ಬಾಕ್ಸ್ ಕೊಟ್ಟ ಮೇಲಿನ ದಶಕಗಳಲ್ಲಿ, ಜಾರುವುದು ಮತ್ತು ಕಚ್ಚುವುದರ ಈ ಹದ ಹಿಡಿಯಲು ಎಣ್ಣೆಗೆ ಬೆರೆಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು. ಆ ತಿಮಿಂಗಿಲ ಅಳಿವಿನಂಚಿಗೆ ಬಂತು. ಅಮೆರಿಕದ 1973ರ ಜೀವಿಸಂರಕ್ಷಣಾ ಕಾಯ್ದೆಯ ಹೊತ್ತಿಗೆ ಆ ದಾರಿ ಮುಚ್ಚಿತು, ರಸಾಯನಶಾಸ್ತ್ರಜ್ಞರು ಬದಲಿ ಹುಡುಕಬೇಕಾಯಿತು. ಹೊಸ ಮಿಶ್ರಣಗಳಲ್ಲಿ ಮೊದಮೊದಲಿನವು ರೇಡಿಯೇಟರಿನೊಳಗಿನ ಕೂಲರಿನ ಬೆಸುಗೆಯನ್ನೇ ತಿಂದವು. ಎಣ್ಣೆಯಲ್ಲಿ ಒಂದು ಅಂಶ ಹೆಚ್ಚುಕಡಿಮೆಯಾದರೂ ಗೇರ್ ಬಾಕ್ಸ್ ಹಾಳಾದೀತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮೈಸೂರಿಗೆ ಈ ಪಾಠ ಹೊಸದೂ ಅಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಕಟ್ಟಿದ ಜಾವಾ, ಯೆಜ್ಡಿ ಬೈಕುಗಳಲ್ಲಿ ಕೈಯಿಂದ ಕ್ಲಚ್ ಹಿಡಿಯದೆಯೇ ಕಾಲಲ್ಲಿ ಗೇರ್ ಬದಲಿಸಬಹುದಿತ್ತು. ಅಲ್ಲೂ ಗೇರಿಗೆ, ಕ್ಲಚ್ಚಿಗೆ ಒಂದೇ ಎಣ್ಣೆ. ತಪ್ಪು ಎಣ್ಣೆ ಹಾಕಿದರೆ ಕ್ಲಚ್ ಜಾರುತ್ತದೆ ಎಂಬುದನ್ನು ಈ ಸೀಮೆಯ ಮೇಸ್ತ್ರಿಗಳು ಯಾವ ಪುಸ್ತಕವನ್ನೂ ಓದದೆ ಕೈಯಿಂದಲೇ ಕಲಿತಿದ್ದರು.

ಹಾಗಾದರೆ ಯಾವಾಗ ಬದಲಿಸಬೇಕು? ಎಷ್ಟೋ ಕಂಪನಿಗಳು ಬದಲಿಸುವುದೇ ಬೇಡ ಎನ್ನುತ್ತವೆ. ಆದರೆ ದುಬಾರಿ ಕಾರುಗಳಿಗೆ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಸಂಸ್ಥೆ 80,000ದಿಂದ 1,20,000 ಕಿ.ಮೀ. ಒಳಗೆ, ತಪ್ಪಿದರೆ ಎಂಟು ವರ್ಷದೊಳಗೆ ಎಣ್ಣೆ ಬದಲಿಸಿ ಎನ್ನುತ್ತದೆ. ಕಾರು ಮಾರುವವರ ಮಾತಿಗಿಂತ ಗೇರ್ ಬಾಕ್ಸ್ ಮಾಡಿದವರ ಮಾತಿಗೆ ತೂಕ ಹೆಚ್ಚು. ಇನ್ನೂ ಒಂದು ವಿಷಯ: ಕಾರಿನ ಜೊತೆ ಕೊಡುವ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕಠಿಣ ಬಳಕೆಗೆಂದೇ ಬೇರೆ ಪಟ್ಟಿ ಇರುತ್ತದೆ. ಗುಡ್ಡಗಾಡು, ದೂಳು, ಬಿಸಿಲು, ಭಾರ, ನಿಂತು ನಿಂತು ಸಾಗುವ ಓಡಾಟ, ಎಲ್ಲವೂ ಆ ಪಟ್ಟಿಯಲ್ಲಿವೆ. ಬೈಲಕುಪ್ಪೆ ದಾಟಿ ಮಡಿಕೇರಿ ಹತ್ತುವ, ಏಪ್ರಿಲ್ ಬಿಸಿಲಲ್ಲಿ ಊರೂರಿನ ಹಂಪುಗಳನ್ನು ದಾಟುತ್ತ ಏಳು ಜನರನ್ನು ಮದುವೆಗೆ ಹೊರುವ ಗಾಡಿಗೆ ಇದರಲ್ಲಿ ಯಾವುದು ಅನ್ವಯಿಸುವುದಿಲ್ಲ? ಎಣ್ಣೆಯನ್ನು ಕೊಲ್ಲುವುದು ಕಿಲೋಮೀಟರಲ್ಲ, ಬಿಸಿ. ಬಿಸಿ ಹತ್ತು ಡಿಗ್ರಿ ಏರಿದರೆ ಎಣ್ಣೆ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆದ್ದರಿಂದ ನಮ್ಮ ಕಡೆಯ ಟಾರ್ಕ್ ಕನ್ವರ್ಟರ್ ಕಾರಿಗೆ 60,000 ಕಿ.ಮೀ. ಆಸುಪಾಸು ಸರಿಯಾದ ಹೊತ್ತು ಎಂಬುದು ನನ್ನ ತೀರ್ಮಾನ.

ಬದಲಿಸುವ ಕ್ರಮದಲ್ಲಿ ಬಲಕ್ಕಿಂತ ತಾಳ್ಮೆ ಮುಖ್ಯ. ನೆಲ ಸಮತಟ್ಟಾಗಿರಬೇಕು. ಕೆಳಗಿನ ನಟ್ ಬಿಚ್ಚಿದರೆ ಬರುವುದು ಒಟ್ಟು ಎಣ್ಣೆಯ ಅರ್ಧಕ್ಕಿಂತ ಕಡಿಮೆ. ಉಳಿದದ್ದರಲ್ಲಿ ಹೆಚ್ಚಿನದು ಕನ್ವರ್ಟರಿನೊಳಗೇ ನಿಂತಿರುತ್ತದೆ. ಬಂದದ್ದನ್ನು ಅಳೆದು ಅಷ್ಟೇ ಹೊಸದು ಹಾಕಿ, ಒಂದಷ್ಟು ದಿನ ಓಡಿಸಿ, ಮತ್ತೆ ಇಳಿಸಿ ತುಂಬಬೇಕು. ಎಣ್ಣೆ ನಿಲ್ಲುವ ಕೆಳಗಿನ ಚೇಂಬರ್ ಬಿಚ್ಚಿದರೆ ಫಿಲ್ಟರ್, ಪ್ಯಾಕಿಂಗ್ ಹೊಸದಾಗಲಿ. ಅಲ್ಲಿನ ಅಯಸ್ಕಾಂತಕ್ಕೆ ಮೆತ್ತಿದ ಬೂದು ಬಣ್ಣದ ನುಣುಪು ಕೆಸರು ಸಹಜ ಸವೆತ. ಲೋಹದ ಚೂರು ಕಂಡರೆ ಕಾಯಿಲೆ. ಈಗಿನ ಹಲವು ಕಾರುಗಳಲ್ಲಿ ಡಿಪ್ ಸ್ಟಿಕ್ ಇಲ್ಲ. ಎಂಜಿನ್ ಓಡುತ್ತಿರುವಾಗಲೇ, ಕಂಪನಿ ಹೇಳಿದ ಉಷ್ಣಾಂಶದಲ್ಲಿ, ಸ್ಕ್ಯಾನರ್ ನೋಡಿಕೊಂಡು ಮಟ್ಟ ಹೊಂದಿಸಬೇಕು. ಡಬ್ಬಿಯ ಮೇಲಿನ ಗುರುತು ಕೈಪಿಡಿಯ ಗುರುತಿಗೆ ಅಕ್ಷರ ಬಿಡದೆ ಹೊಂದಲಿ. ಸಿವಿಟಿ ಎಂಬ ಬೆಲ್ಟಿನ ಗೇರ್ ಬಾಕ್ಸಿನ ಎಣ್ಣೆಯೇ ಬೇರೆ. ಸೆಲೆರಿಯೊದಂಥ ಎಎಂಟಿ ಕಾರಿನೊಳಗಿರುವುದು ಮಾಮೂಲಿ ಗೇರ್ ಬಾಕ್ಸೇ, ಅದಕ್ಕೆ ಈ ಆಟೊಮ್ಯಾಟಿಕ್ ಎಣ್ಣೆ ಬೇಕಿಲ್ಲ.

ಒಂದು ಆಕ್ಷೇಪ ಬಲವಾಗಿಯೇ ಇದೆ: ಒಂದೂವರೆ ಲಕ್ಷ ಕಿ.ಮೀ.ವರೆಗೆ ಎಣ್ಣೆ ಮುಟ್ಟದೆ ಬಿಟ್ಟ ಗಾಡಿಗೆ ಹೊಸ ಎಣ್ಣೆ ಹಾಕಿದರೆ ಗೇರ್ ಜಾರಲು ಶುರುವಾಗುತ್ತದೆ. ಹೀಗಾಗುವುದುಂಟು. ಆದರೆ ಪ್ಲೇಟುಗಳು ಮೊದಲೇ ಸವೆದಿರುತ್ತವೆ, ಆ ಸವೆತದ ಪುಡಿ ಹಳೆಯ ಎಣ್ಣೆಯಲ್ಲಿ ತೇಲುತ್ತ ಹಿಡಿತ ಕೊಡುತ್ತಿರುತ್ತದೆ ಎನ್ನುತ್ತಾರೆ. ಅಂಥ ಗಾಡಿಗೆ ಯಂತ್ರ ಹಚ್ಚಿ ಒಮ್ಮೆಗೇ ಫ್ಲಶ್ ಮಾಡುವುದು ತಪ್ಪು, ಸ್ವಲ್ಪ ಸ್ವಲ್ಪವಾಗಿ ಬದಲಿಸುವುದು ಸರಿ. ಆಗಲೇ ಜಾರುತ್ತಿರುವ ಗೇರಿಗಂತೂ ಎಣ್ಣೆ ಮದ್ದಲ್ಲ. ಕಂಪನಿ ಸರ್ವಿಸಿನವರೇ ಮಾಡಲಿ ಎಂಬ ಮಾತು ವಾರಂಟಿ ಇರುವವರೆಗೆ ಒಪ್ಪತಕ್ಕದ್ದೇ. ಅದು ಮುಗಿದ ಮೇಲೆ ಕೆಲವು ಸಾವಿರದ ಕೆಲಸಕ್ಕೆ ಮೈಸೂರಿಗೆ ಹೋಗಬೇಕೆಂದರೆ ಜನ ಮುಂದಕ್ಕೆ ಹಾಕುತ್ತಾರೆ, ಕೊನೆಗೆ ಲಕ್ಷಗಟ್ಟಲೆಯ ಗೇರ್ ಬಾಕ್ಸ್ ಕಳೆದುಕೊಳ್ಳುತ್ತಾರೆ.

ಯೆಜ್ಡಿಯ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ತಲೆಮಾರಿಗೆ ವಯಸ್ಸಾಯಿತು. ಅವರ ಕಿವಿ, ಮೂಗುಗಳ ಜ್ಞಾನಕ್ಕೆ ಒಂದು ಸ್ಕ್ಯಾನರು, ಒಂದು ಥರ್ಮಾಮೀಟರು ಸೇರಿದರೆ ಈ ಕಸುಬು ಹುಣಸೂರಿನಲ್ಲೇ ನಿಲ್ಲುತ್ತದೆ. ಬಿಡದಿಯಲ್ಲಿ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹಳ್ಳಿಯ ಬಡ ಮಕ್ಕಳಿಗೆ ಮೂರು ವರ್ಷ ಕಲಿಸುತ್ತ ಬಂದಿದೆ, ಅವರನ್ನು ಕಾರ್ಖಾನೆಗೆ ಸಿದ್ಧಮಾಡಲು. ಊರಿನ ಗ್ಯಾರೇಜಿಗೆ ಸಿದ್ಧಮಾಡುವ ಇಂಥದೊಂದು ಚಿಕ್ಕ ತರಬೇತಿ ಐಟಿಐಗಳಲ್ಲಿ ಆಗಬೇಕು. ಇಳಿಸಿದ ಎಣ್ಣೆಯ ಲೆಕ್ಕವನ್ನೂ ಅಲ್ಲೇ ಕಲಿಸಬೇಕು. ಕೇಂದ್ರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮೋರಿಗೆ ಚೆಲ್ಲಿದ್ದು ಲಕ್ಷ್ಮಣತೀರ್ಥ ಸೇರಿ, ಕಾವೇರಿಯ ಕನ್ನಂಬಾಡಿ ಕಟ್ಟೆಗೇ ಹೋಗುತ್ತದೆ. ಡಬ್ಬಿಯಲ್ಲಿ ತುಂಬಿಟ್ಟು ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಬೇಕು.

ಹಳೆಯ ಆಟೊಮ್ಯಾಟಿಕ್ ಕಾರು ಕೊಳ್ಳುವವರು ಬಣ್ಣ, ಟೈರು ನೋಡುವ ಮೊದಲು ಗೇರ್ ಬಾಕ್ಸಿನ ಎಣ್ಣೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಬೆಲೆ ಮಾತಾಡಿ.