ಕ್ಯಾಲ್ಕುಲೇಟರಿನೊಳಗೆ ತಿರುಗುವ ಬೆಳಕು

ವಸ್ತುವಿಗೆ ಘನ, ದ್ರವ, ಅನಿಲ ಎಂಬ ಮೂರೇ ಸ್ಥಿತಿ ಎಂದು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಒಮ್ಮೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕ್ಯಾಲ್ಕುಲೇಟರ್ ತೋರಿಸಿ, "ಸಾರ್, ಇದರೊಳಗೆ ದ್ರವ ಸ್ಫಟಿಕ ಇದೆಯಂತೆ. ಅದು ಘನಾನಾ, ದ್ರವಾನಾ?" ಎಂದಳು. "ಪರೀಕ್ಷೆಗೆ ಬರಲ್ಲ, ಕೂತ್ಕೊಳಮ್ಮ" ಎಂದುಬಿಟ್ಟೆ. ಆ ವರ್ಷವೆಲ್ಲ ಅವಳು ಮತ್ತೆ ಪ್ರಶ್ನೆ ಕೇಳಲಿಲ್ಲ. ಅವಳಿಗೆ ಕೊಡಬೇಕಿದ್ದ ಉತ್ತರ ಇಲ್ಲಿದೆ.

1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ರೈನಿಟ್ಜರ್, ಕೊಲೆಸ್ಟರಾಲಿನಿಂದ ತಯಾರಿಸಿದ ಪದಾರ್ಥವೊಂದನ್ನು ಕಾಯಿಸಿದರು. ಅದು ಎರಡು ಸಲ ಕರಗಿತು! ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಜಿಯಂತೆ ಮಬ್ಬಾದ ದ್ರವವಾಯಿತು. ಸುಮಾರು 178ರಲ್ಲಿ ತಿಳಿಯಾಯಿತು. ನಡುವಣ ಆ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ಅದು ದ್ರವದಂತೆ ಹರಿಯುತ್ತದೆ, ಅಣುಗಳಲ್ಲಿ ಮಾತ್ರ ಹರಳಿನ ಶಿಸ್ತು. ಕ್ಯಾಲ್ಕುಲೇಟರಿನಲ್ಲಿರುವ ಬಗೆಯಲ್ಲಿ ಕಡ್ಡಿಯಂಥ ಅಣುಗಳು, ನಮ್ಮ ಶಿಡ್ಲಘಟ್ಟದ ರಾಟೆಯ ಮೇಲಿನ ರೇಷ್ಮೆ ಎಳೆಗಳ ಹಾಗೆ, ಅಕ್ಕಪಕ್ಕ ಒಂದೇ ದಿಕ್ಕಿಗೆ ಮಲಗುತ್ತವೆ.

ಯಾವ ದಿಕ್ಕಿಗೆ? ಅದನ್ನು ತೀರ್ಮಾನಿಸುವುದು ಅವು ತಾಗಿರುವ ಗಾಜಿನ ಮೈ. ಗಾಜಿಗೆ ತೆಳ್ಳನೆಯ ಪ್ಲಾಸ್ಟಿಕ್ ಲೇಪ ಕೊಟ್ಟು, ಮಖಮಲ್ ಬಟ್ಟೆಯಿಂದ ಒಂದೇ ಕಡೆಗೆ ಉಜ್ಜುತ್ತಾರೆ. ಉಜ್ಜಿದ ದಿಕ್ಕಿಗೆ ಅಣುಗಳು ಮಲಗುತ್ತವೆ. (ಇಷ್ಟು ನಾಜೂಕಿನ ಉಪಕರಣದ ಗುಟ್ಟು ಬಟ್ಟೆಯಿಂದ ಉಜ್ಜುವುದರಲ್ಲಿದೆ ಎಂದು ತಿಳಿದಾಗ ನನಗೆ ನಗುವೇ ಬಂತು.) ಎದುರಿನ ಗಾಜನ್ನು ಅಡ್ಡಕ್ಕೆ ಉಜ್ಜಿರುತ್ತಾರೆ. ಎರಡರ ನಡುವಿನ ಅಂತರ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅಷ್ಟರಲ್ಲೇ ಅಣುಗಳ ಸಾಲು ಸುತ್ತುಮೆಟ್ಟಿಲಿನಂತೆ ಕಾಲು ಸುತ್ತು ತಿರುಗುತ್ತದೆ.

ಈಗ ಬೆಳಕು. ಅದರ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಪೋಲರಾಯ್ಡ್ ಹಾಳೆ ಒಂದು ದಿಕ್ಕಿನ ಕಂಪನವನ್ನಷ್ಟೇ ಬಿಡುತ್ತದೆ. ಗಾಜುಗಳ ಹೊರಗೆ ಇಂಥ ಎರಡು ಹಾಳೆ, ಒಂದಕ್ಕೊಂದು ಅಡ್ಡಲಾಗಿ. ಮಾಮೂಲಾಗಿ ಬೆಳಕು ಎರಡನ್ನೂ ದಾಟದು. ಆದರೆ ಅಣುಗಳ ಮೆಟ್ಟಿಲಿನ ಜೊತೆಗೆ ಬೆಳಕಿನ ಕಂಪನವೂ ತಿರುಗಿ, ಎರಡನೇ ಹಾಳೆಯನ್ನು ದಾಟಿಬಿಡುತ್ತದೆ. ಹಿಂದಿನ ಪ್ರತಿಫಲಕಕ್ಕೆ ಬಡಿದು ಅದೇ ದಾರಿಯಲ್ಲಿ ಮರಳುತ್ತದೆ. ಗುಂಡಿ ಒತ್ತಿದಾಗ, ಅಂಕಿ ಮೂಡಬೇಕಾದ ಜಾಗದಲ್ಲಿ ವಿದ್ಯುತ್ ಒತ್ತಡಕ್ಕೆ ಅಣುಗಳು ನೆಟ್ಟಗೆ ನಿಲ್ಲುತ್ತವೆ. ಮೆಟ್ಟಿಲು ಮಾಯ, ಬೆಳಕಿಗೆ ತಡೆ. ಅದೇ ನಮಗೆ ಕಾಣುವ ಕಪ್ಪು ಅಂಕಿ.

ಇದೆಲ್ಲ ಪರದೇಶದ ಸಮಾಚಾರ ಎನ್ನಬೇಡಿ. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, 1977ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಒಂದು ಹೊಸ ಬಗೆಯನ್ನೇ ಕಂಡುಹಿಡಿದರು. ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ಬಿಲ್ಲೆಯಂಥ ಅಣುಗಳೂ ನಾಣ್ಯಗಳಂತೆ ಒಂದರ ಮೇಲೊಂದು ಪೇರಿಕೊಂಡು ದ್ರವ ಸ್ಫಟಿಕವಾಗಬಲ್ಲವು! ಆ ಪ್ರಬಂಧ ಅಚ್ಚಾದದ್ದೂ ಬೆಂಗಳೂರಿನದೇ ಪತ್ರಿಕೆ 'ಪ್ರಮಾಣ'ದಲ್ಲಿ. ನಮ್ಮೂರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ದೂರ. ಇದನ್ನು ತಿಳಿಯದೆ ನಾನು ಹುಡುಗಿಯನ್ನು ಕೂರಿಸಿದ್ದೆ.

ಮನೆಯಲ್ಲಿ ಪೋಲರಾಯ್ಡ್ ತಂಪು ಕನ್ನಡಕವಿದ್ದರೆ ಮಕ್ಕಳ ಕೈಗೆ ಕೊಡಿ. ಅದರ ಒಂದು ಗಾಜಿನ ಮೂಲಕ ಕ್ಯಾಲ್ಕುಲೇಟರನ್ನು ನೋಡುತ್ತ ಕನ್ನಡಕವನ್ನು ಮೆಲ್ಲಗೆ ತಿರುಗಿಸಲಿ. ಒಂದು ಕೋನದಲ್ಲಿ ಪರದೆ ಇಡಿಯಾಗಿ ಕಪ್ಪಾಗುತ್ತದೆ. ಆಗ ಅವರು ಏನು ಕೇಳಿದರೂ ಕೂತ್ಕೊ ಎನ್ನಬೇಡಿ.